ಸ್ಕಾಟ್‌ಲೆಂಡ್‌ನಲ್ಲಿರುವ ಕನ್ನಡ ಅಪ್ಪ ಅಮ್ಮಂದಿರಿಗೆ: ಪಿ1 (ಪ್ರೈಮರಿ 1, ಅಂದರೆ ಶಾಲೆಯ ಮೊದಲ ತರಗತಿ) ಒಂದು ವರ್ಷ ಮುಂದೂಡಬಹುದು

ಆಗಸ್ಟ್ ಮಧ್ಯದಲ್ಲಿ ಶಾಲೆ ಶುರುವಾಗುವ ದಿನ ಮಗುವಿಗೆ 5 ತುಂಬಿರದಿದ್ದರೆ ಅದೇ ವರ್ಷ ಪಿ1ಗೆ ಕಳಿಸಲೇಬೇಕೆಂದಿಲ್ಲ. ಆಗಸ್ಟ್ ಮಧ್ಯದಿಂದ ಫೆಬ್ರವರಿ ಕೊನೆಯೊಳಗೆ ಹುಟ್ಟಿದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಮೊದಲು ಜನವರಿ, ಫೆಬ್ರವರಿಯಲ್ಲಿ ಹುಟ್ಟಿದವರಿಗೆ ಮಾತ್ರ ಇನ್ನೊಂದು ವರ್ಷದ ಉಚಿತ ನರ್ಸರಿ ಖಾತ್ರಿಯಿತ್ತು, ಉಳಿದವರು ಕೌನ್ಸಿಲ್ (ಸ್ಥಳೀಯ ಆಡಳಿತ) ಒಪ್ಪುತ್ತದೋ ಇಲ್ಲವೋ ಅಂತ ಕಾಯಬೇಕಿತ್ತು. 2023ರ ಆಗಸ್ಟ್‌ನಿಂದ ಎಲ್ಲರಿಗೂ ಅದು ಹಕ್ಕು. ವರ್ಷಕ್ಕೆ 1140 ಗಂಟೆ, ಶಾಲೆ ನಡೆಯುವ ವಾರಗಳಲ್ಲಿ ಮಾತ್ರ ಬಳಸಿದರೆ ವಾರಕ್ಕೆ ಸುಮಾರು 30 ಗಂಟೆ.

ಆದರೆ ಈಗಿರುವ ನರ್ಸರಿಯಲ್ಲೇ ಜಾಗ ಸಿಕ್ಕೇ ಸಿಗುತ್ತದೆ ಅಂತ ಸುಮ್ನೆ ಕೂರಬೇಡಿ. ಶಾಲೆಯ ನೋಂದಣಿ ಹೊತ್ತಿಗೇ ನರ್ಸರಿಯವರಿಗೂ ಕೌನ್ಸಿಲ್‌ಗೂ ಬರವಣಿಗೆಯಲ್ಲಿ ತಿಳಿಸಿ, ಕೊನೆಯ ದಿನಾಂಕ ಕೇಳಿಕೊಳ್ಳಿ, ಯಾಕೆಂದರೆ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಅರ್ಜಿಯ ಕ್ರಮ ಬೇರೆ. ಮುಂದಿನ ವರ್ಷ ಮಗು ಪಿ1ಗೇ ಸೇರುತ್ತದೆ, ಯಾವ ತರಗತಿಯೂ ತಪ್ಪುವುದಿಲ್ಲ.

ಊರಿಂದ ಅಜ್ಜಿ ತಾತ ಫೋನ್ ಮಾಡಿ "ಪಕ್ಕದ ಮನೆಯವನು ಆಗಲೇ ಓದ್ತಾನಲ್ಲ" ಅನ್ನುತ್ತಾರೆ, ಗೊತ್ತು. ನಮ್ಮ ಮನೆಯಲ್ಲೂ ಅಂದರು. ಡಿಸೆಂಬರ್‌ನಲ್ಲಿ ಹುಟ್ಟಿದ ಮಗಳನ್ನು ನಾವು ತಡೆದೆವು, ಇಂಗ್ಲಿಷ್‌ನಲ್ಲಿ ಮಾತಾಡಲು ಹಿಂಜರಿಯುತ್ತಿದ್ದವಳು ಆ ವರ್ಷದಲ್ಲಿ ಎಷ್ಟು ಚೆನ್ನಾಗಿ ಬೆರೆತಳು ಅಂದರೆ ನನಗೆ ಇವತ್ತಿಗೂ ಸಮಾಧಾನವಿದೆ. ಅನುಮಾನವಿದ್ದರೆ ನರ್ಸರಿ ಟೀಚರ್ ಹತ್ತಿರ ಒಮ್ಮೆ ಕೂತು ಮಾತಾಡಿ, ದಿನವೂ ಮಗುವನ್ನು ನೋಡುವವರು ಅವರೇ ಅಲ್ವಾ.