ಗ್ರಂಥಸೂಚಿ ಹಿಡಿದು ವಿಮರ್ಶಾ ಸಿದ್ಧಾಂತ ಹುಡುಕಿದ ಬಗೆ

'ಗೂಗಲ್ ಇರುವಾಗ ಸೂಚಿ ಯಾಕೆ' ಎಂದವರೇ ಈಗ ನನ್ನ ಕಾರ್ಡ್ ಪೆಟ್ಟಿಗೆ ಕೇಳುತ್ತಿದ್ದಾರೆ. ನಿರಚನವಾದದ (ಪಠ್ಯಕ್ಕೆ ಒಂದೇ ಸ್ಥಿರ ಅರ್ಥವಿಲ್ಲವೆಂದು ಬಿಡಿಸಿ ತೋರಿಸುವ ವಿಮರ್ಶಾ ಸಿದ್ಧಾಂತದ) ಮೇಲೆ ಕನ್ನಡದಲ್ಲಿ ಸುಮಾರು 350 ಉಲ್ಲೇಖ ಕೂಡಿದವು. ಗೂಗಲ್ ಕೊಟ್ಟದ್ದು 40 ದಾಟಿರಲಿಲ್ಲ.

ಮೊದಲು ಕೆಟ್ಟದ್ದು ಪುಸ್ತಕಗಳ ಕೊನೆಯ ಪರಾಮರ್ಶನ ಪಟ್ಟಿಗಳನ್ನು ನಂಬಿ. ಗಾಣದೆತ್ತಿನಂತೆ ಅವೇ ಹದಿನೈದಿಪ್ಪತ್ತು ಪುಸ್ತಕ. ಒಬ್ಬರು ಇಸವಿ ತಪ್ಪಿದರೆ ಮುಂದಿನವರೆಲ್ಲ ಅದನ್ನೇ ಇಳಿಸಿಕೊಂಡಿರುತ್ತಾರೆ. ಜೆರಾಕ್ಸಿಗೇ 1,800 ರೂಪಾಯಿ ಹೋಯಿತು, ಮುಕ್ಕಾಲು ಪಾಲು ದಂಡ.

ದಾರಿ ಸಿಕ್ಕಿದ್ದು ಪದಗಳಿಂದ. ಒಂದು ಪರಿಕಲ್ಪನೆಗೆ ಒಂದು ಕಾರ್ಡ್, ಅದರ ಮೇಲೆ ಎಲ್ಲ ರೂಪಗಳೂ: ನಿರಚನ, ವಿರಚನ, ವಿಘಟನ, ಡಿಕನ್‌ಸ್ಟ್ರಕ್ಷನ್. ಹೆಸರುಗಳಿಗೂ ಹಾಗೆಯೇ. ನಿರಚನವಾದದ ಮೂಲಪುರುಷನಾದ ಫ್ರೆಂಚ್ ಚಿಂತಕನಿಗೆ ದೆರಿದಾ, ಡೆರಿಡಾ ಎರಡನ್ನೂ ನೋಡಬೇಕು. ಅಕಾರಾದಿಯಲ್ಲಿ ಡಕಾರ ಒಂದು ಕಡೆ, ದಕಾರ ಎಷ್ಟೋ ಪುಟ ಆಚೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯ ಗ್ರಂಥಸೂಚಿ ಸಂಪುಟಗಳಿಗೆ ಕೈಹಾಕುವ ಮೊದಲು ಈ ಕಾರ್ಡು ಸಿದ್ಧವಿರಲಿ. ಸೂಚಿಯ ಪ್ರಸ್ತಾವನೆಯನ್ನೂ ಓದಿ: ಯಾವ ಇಸವಿಗೆ ನಿಲ್ಲಿಸಿದ್ದಾರೆ, ಲೇಖನ ಸೇರಿಸಿದ್ದಾರೋ ಬರೀ ಪುಸ್ತಕವೋ ಎಂಬುದು ಅಲ್ಲೇ ಇರುತ್ತದೆ.

ಪುಸ್ತಕಕ್ಕೆ ವಿಷಯವಾರು ಅಂಕಿ ಕೊಡುವ ಡ್ಯೂಯಿ ವರ್ಗೀಕರಣದ ಕಪಾಟಿನಲ್ಲಾದರೆ ಎರಡು ಕಡೆ ಹುಡುಕಬೇಕು. ಸಿದ್ಧಾಂತ 801ರಲ್ಲಿ, ಕನ್ನಡ ಸಾಹಿತ್ಯ 894.814ರಲ್ಲಿ. ಕನ್ನಡದಲ್ಲಿ ಬರೆದ ಸಿದ್ಧಾಂತ ಯಾವುದರಲ್ಲಿ ಕೂತಿದೆಯೋ ಅದು ನಂಬರು ಹಾಕಿದವರ ಚಿತ್ತ!

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕ್ಯಾಟಲಾಗಿನಲ್ಲಿ ನಮ್ಮ ಪುಸ್ತಕ ಧಾರಾಳವಾಗಿವೆ, ಆದರೆ ರೋಮನ್ ಲಿಪ್ಯಂತರದಲ್ಲಿ. ಅಲ್ಲಿ 'ವಿಮರ್ಶೆ'ಯ ಶಕಾರಕ್ಕೆ ಮೇಲ್ಗುರುತಿನ ಎಸ್ (ś) ಮಾತ್ರ; ಎಚ್ ಸೇರಿಸಿ ಒತ್ತಿದರೆ ಸೊನ್ನೆ. ಇದೊಂದು ತಿಳಿಯಲು ಎರಡು ವಾರ ಹೋಯಿತು.

ಇಸವಿಯಲ್ಲಿ ಜಾಣತನ ಬೇಡ. ಫ್ರೆಂಚ್ ಮೊದಲು, ಇಂಗ್ಲಿಷ್ ಆಮೇಲೆ ಎಂದು ಊಹಿಸಿದರೆ ಫ್ರೆಂಚ್ ವಿಮರ್ಶಕ ಬಾರ್ತ್ ಕೈಕೊಡುತ್ತಾನೆ. ಅವನ ಪ್ರಬಂಧ 'ಲೇಖಕನ ಸಾವು' ಇಂಗ್ಲಿಷಿನಲ್ಲಿ ಬಂದದ್ದು 1967ರಲ್ಲಿ, ಫ್ರೆಂಚಿನಲ್ಲಿ 1968ರಲ್ಲಿ.

ನಡುವೆ ಹಳೆಯ ಪರಿವಿಡಿಗಳ ಫೋಟೋ ತೆಗೆದು, ಚಿತ್ರದ ಅಕ್ಷರವನ್ನು ಪಠ್ಯವಾಗಿಸುವ ಓಸಿಆರ್‌ಗೆ ಕೊಟ್ಟೆ. ಮಸುಕು ಅಚ್ಚಿನ ಒತ್ತಕ್ಷರ ಕಲಸಿಹೋಯಿತು, ತಿದ್ದುವುದಕ್ಕಿಂತ ಟೈಪಿಸುವುದೇ ಬೇಗ. ಹಳೆಯ 'ನುಡಿ' ತಂತ್ರಾಂಶದ ಕಡತವನ್ನು ಯೂನಿಕೋಡಿಗೆ ಬದಲಿಸದೆ ಉಲ್ಲೇಖ ಜೋಡಿಸಿಡುವ ಝೊಟೆರೊ ತಂತ್ರಾಂಶಕ್ಕೆ ಅಂಟಿಸಿದಾಗಲೂ ಬರೀ ಕಸ ಬಂತು.

ನಿಜವಾದ ಬೆಳೆ ಇದ್ದದ್ದು ಅಭಿನಂದನ ಗ್ರಂಥಗಳಲ್ಲಿ. ಬರೀ ಪುಸ್ತಕ ಸೇರಿಸಿದ ಗ್ರಂಥಸೂಚಿಯಲ್ಲಿ ಸಂಪುಟದ ಹೆಸರಷ್ಟೇ ಸಿಕ್ಕೀತು, ಒಳಗಿನ ಲೇಖನ ಸಿಗುವುದಿಲ್ಲ. ಅದಕ್ಕೆ 60 ಸಂಪುಟ ಬಿಡಿಸಿ ಪರಿವಿಡಿ ಇಳಿಸಿಕೊಂಡೆ. ಯಾವ ಅರವತ್ತು, ಹೇಗೆ ಆರಿಸಿದೆ ಎಂಬುದನ್ನು ನನ್ನ ಸೂಚಿ ಅಚ್ಚಾಗುವವರೆಗೆ ಕೇಳಬೇಡಿ.