ಸಿಇಟಿ ಗಣಿತದಲ್ಲಿ 24 ಅಂಕ 43 ಆದ ಬಗೆ

2018ರ ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆಯ ಗಣಿತದಲ್ಲಿ ನನಗೆ ನೂರಕ್ಕೆ 88 ಅಂಕ ಬಂದಿತ್ತು. ಅದೇ ವರ್ಷದ ಸಿಇಟಿ ಗಣಿತದಲ್ಲಿ ಬಂದದ್ದು ಅರವತ್ತಕ್ಕೆ 24. ಮರುವರ್ಷ ಮತ್ತೆ ಬರೆದಾಗ ಅದು 43 ಆಯಿತು. ಆ ಒಂದು ವರ್ಷದಲ್ಲಿ ನಾನು ಹೊಸದಾಗಿ ಕಲಿತ ಗಣಿತ ಬಹಳ ಕಡಿಮೆ. ಗೊತ್ತಿದ್ದ ಗಣಿತವನ್ನು ಎಂಬತ್ತು ನಿಮಿಷದೊಳಗೆ ಹೊರತೆಗೆಯುವುದನ್ನು ಮಾತ್ರ ಕಲಿತೆ. ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದೂ ಸಿಇಟಿ ಗಣಿತದಲ್ಲಿ ಹಿಂದೆ ಬಿದ್ದು, ‘ನನಗೆ ಗಣಿತ ಬರುವುದಿಲ್ಲ’ ಎಂದು ತೀರ್ಮಾನಿಸಿಬಿಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. ಅವರ ಆ ತೀರ್ಮಾನ ಬಹುಪಾಲು ತಪ್ಪು ಎಂಬುದು ನನ್ನ ದೃಢವಾದ ನಂಬಿಕೆಯಾದ್ದರಿಂದ, ನಾನು ಮಾಡಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಅಂಕದ ತೂಕವನ್ನು ತಿಳಿದುಕೊಳ್ಳಬೇಕು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಮುನ್ನೂರು ಅಂಕಗಳಿಂದ ಅರ್ಧ, ಸಿಇಟಿಯ ಅದೇ ಮೂರು ವಿಷಯಗಳ ನೂರ ಎಂಬತ್ತು ಅಂಕಗಳಿಂದ ಅರ್ಧ ಸೇರುತ್ತದೆ. ಹಾಗಾಗಿ ಸಿಇಟಿಯ ಒಂದು ಅಂಕ ಪಿಯುಸಿಯ ಒಂದೂಮುಕ್ಕಾಲು ಅಂಕಕ್ಕೆ ಹತ್ತಿರ ಹತ್ತಿರ ಸಮ. ಮರಳಿ ಬರೆಯುವವರಿಗೆ ಪಿಯುಸಿಯ ಪಾಲು ಹೆಚ್ಚುಕಡಿಮೆ ನಿಗದಿಯಾಗಿಯೇ ಇರುತ್ತದೆ. ಏರಿಸಲು ಉಳಿಯುವುದು ಸಿಇಟಿಯ ಪಾಲು. ಗಣಿತವೊಂದರಲ್ಲೇ ಹತ್ತೊಂಬತ್ತು ಅಂಕ ಹೆಚ್ಚಾದಾಗ ನನ್ನ ಒಟ್ಟು ಶೇಕಡಾವಾರು ಐದಕ್ಕಿಂತ ಹೆಚ್ಚು ಏರಿತು. ಸಾವಿರಾರು ವಿದ್ಯಾರ್ಥಿಗಳು ಒತ್ತೊತ್ತಾಗಿ ನಿಂತಿರುವ ಆ ಮಧ್ಯದ ಪಟ್ಟಿಯಲ್ಲಿ ಐದು ಶೇಕಡಾ ಎಂದರೆ ಕಾಲೇಜೂ ಬದಲಾಗುತ್ತದೆ, ಬ್ರ್ಯಾಂಚೂ ಬದಲಾಗುತ್ತದೆ.

ನನ್ನ ಕೆಲಸ ಆರಂಭವಾದದ್ದು ಹಳೆಯ ಪ್ರಶ್ನೆಪತ್ರಿಕೆಯಿಂದ. ಪರೀಕ್ಷೆ ಮುಗಿದ ಮೇಲೆ, ನಾಲ್ಕು ಆಯ್ಕೆಗಳಲ್ಲಿ ಒಂದರ ವೃತ್ತ ತುಂಬಿ ಉತ್ತರ ಗುರುತಿಸುವ ಒಎಂಆರ್ ಹಾಳೆಯ ಮೇಲಿನ ಪ್ರತಿಯನ್ನು ಮೇಲ್ವಿಚಾರಕರು ತೆಗೆದುಕೊಂಡು, ಕೆಳಗಿನ ನಕಲು ಪ್ರತಿಯನ್ನು ನಮಗೇ ಕೊಡುತ್ತಾರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸರಿಯುತ್ತರಗಳನ್ನು ಪ್ರಶ್ನೆಪುಸ್ತಿಕೆಯ ವರ್ಷನ್ ಕೋಡಿನ ಪ್ರಕಾರ ಪ್ರಕಟಿಸುತ್ತದೆ. ಹೆಚ್ಚಿನವರು ಇವೆರಡನ್ನೂ ಇಟ್ಟುಕೊಂಡು ಅಂಕ ಕೂಡಿಸಿ ನೋಡಿ ಅಲ್ಲಿಗೆ ಬಿಡುತ್ತಾರೆ. ಆದರೆ ಅದರ ಜೊತೆಗೆ ಇನ್ನೂ ಬೆಲೆಬಾಳುವ ಒಂದು ವಸ್ತು ನಮ್ಮ ಕೈಯಲ್ಲಿರುತ್ತದೆ: ರಫ್ ವರ್ಕ್ ಮಾಡಿದ ಪ್ರಶ್ನೆಪುಸ್ತಿಕೆ. ಯಾವ ಲೆಕ್ಕಕ್ಕೆ ಕಾಲು ಪುಟ ತುಂಬಿದೆ, ಯಾವ ಲೆಕ್ಕವನ್ನು ಎರಡು ಸಾಲು ಬರೆದು ಬಿಡಲಾಗಿದೆ, ಯಾವುದರ ಪಕ್ಕದಲ್ಲಿ ಒಂದು ಗೆರೆಯೂ ಇಲ್ಲ ಎಂಬುದೆಲ್ಲ ಅದರಲ್ಲಿ ಅಚ್ಚೊತ್ತಿದಂತೆ ಉಳಿದಿರುತ್ತದೆ.

ನಮ್ಮೂರು ತಿಪಟೂರಿನಲ್ಲಿ ನಿವೃತ್ತರಾದ ಒಬ್ಬ ಗಣಿತ ಉಪನ್ಯಾಸಕರಿದ್ದರು. ನಕಲು ಪ್ರತಿಯನ್ನೂ ಪುಸ್ತಿಕೆಯನ್ನೂ ಅವರ ಬಳಿಗೆ ಒಯ್ದಾಗ ಅವರು ಅಂಕ ಎಷ್ಟೆಂದು ಕೇಳಲೇ ಇಲ್ಲ. “ತಪ್ಪಾದ ಲೆಕ್ಕ ಅಷ್ಟನ್ನೂ ಮನೆಯಲ್ಲಿ ಗಡಿಯಾರ ನೋಡದೆ ಮಾಡಿಕೊಂಡು ಬಾಮ್ಮ, ಆಮೇಲೆ ಮಾತಾಡೋಣ” ಎಂದರು. ಹಾಗೆ ಮಾಡಿದಾಗ ತಪ್ಪಿದ ಮೂವತ್ತಾರು ಪ್ರಶ್ನೆಗಳು ತಾವಾಗಿಯೇ ಮೂರು ಗುಂಪುಗಳಾದವು. ಎಷ್ಟು ಹೊತ್ತು ಕೊಟ್ಟರೂ ಬಗೆಹರಿಯದವು ಎಂಟು. ಸರಿಯಾಗಿ ಮಾಡಿ ಕೊನೆಯಲ್ಲಿ ತಪ್ಪು ಆಯ್ಕೆಗೆ ಬಿದ್ದವು ಏಳು. ಉಳಿದ ಇಪ್ಪತ್ತೊಂದು ಲೆಕ್ಕಗಳನ್ನು ನಾನು ಮನೆಯಲ್ಲಿ ಯಾರ ಸಹಾಯವೂ ಇಲ್ಲದೆ ಸರಿಯಾಗಿ ಬಿಡಿಸಿದ್ದೆ. ಪರೀಕ್ಷೆಯಲ್ಲಿ ಅವುಗಳ ಬಳಿಗೆ ತಲುಪಿಯೇ ಇರಲಿಲ್ಲ, ಅಥವಾ ಅರ್ಧಕ್ಕೆ ಬಿಟ್ಟು ಮುಂದೆ ಓಡಿದ್ದೆ. ಮೇಷ್ಟ್ರು ಆ ಪಟ್ಟಿ ನೋಡಿ, “ನಿನಗೆ ಬೇಕಾದ ಪಾಠ ಬೇರೆ” ಎಂದರು. ಪುಸ್ತಕವನ್ನು ಮೊದಲ ಅಧ್ಯಾಯದಿಂದ ಮತ್ತೆ ಓದಲು ಹೊರಟಿದ್ದರೆ ಆ ಎಂಟು ಪ್ರಶ್ನೆಗಳಿಗಾಗಿ ಇಡೀ ವರ್ಷ ಹೋಗುತ್ತಿತ್ತು. ಕಡಿಮೆ ಅಂಕ ಬಂದವರು ಯಾರೇ ಆಗಲಿ, ಕೋಚಿಂಗಿಗೆ ಹಣ ಕಟ್ಟುವ ಮೊದಲು ಈ ವಿಂಗಡಣೆಯನ್ನು ಮಾಡಬೇಕು ಎಂಬುದು ನನ್ನ ಮೊದಲ ಮತ್ತು ಮುಖ್ಯ ಸಲಹೆ.

ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಅಂದರೆ ಒಂದು ಪ್ರಶ್ನೆಗೆ ಎಂಬತ್ತು ಸೆಕೆಂಡ್. ಉತ್ತರದ ವೃತ್ತ ತುಂಬಲು ನಾಲ್ಕೈದು ಸೆಕೆಂಡ್ ಹಿಡಿದರೂ ಅರವತ್ತು ಪ್ರಶ್ನೆಗೆ ನಾಲ್ಕೈದು ನಿಮಿಷ ಅಲ್ಲೇ ಹೋಗುತ್ತದೆ. ಪಿಯುಸಿ ವಾರ್ಷಿಕ ಪರೀಕ್ಷೆ ನಮ್ಮನ್ನು ತಯಾರು ಮಾಡುವ ರೀತಿ ಇದಕ್ಕೆ ವಿರುದ್ಧವಾದದ್ದು. ಅಲ್ಲಿ ಪ್ರತಿ ಹಂತಕ್ಕೂ ಅಂಕವಿದೆ. ಸೂತ್ರ ಬರೆದರೆ ಅರ್ಧ, ಆದೇಶಿಸಿದರೆ ಒಂದು ಎಂದು ಮೌಲ್ಯಮಾಪಕರು ಕೊಡುತ್ತಾ ಹೋಗುತ್ತಾರೆ. ಒಂದು ಹಂತವನ್ನೂ ಬಿಡದೆ ಬರೆಯುವ ಆ ಶಿಸ್ತು ಒಳ್ಳೆಯದೇ, ಗಣಿತ ನಿಜವಾಗಿ ಅರ್ಥವಾಗುವುದೂ ಅದರಿಂದಲೇ. ಆದರೆ ಸಿಇಟಿಯಲ್ಲಿ ಆ ಹಂತಗಳನ್ನು ಓದುವವರು ಯಾರೂ ಇಲ್ಲ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡೋಣ. ಡೆಫಿನಿಟ್ ಇಂಟಿಗ್ರಲ್ ಒಂದಿದೆ. ಕೆಳಗಿನ ಮಿತಿ 2, ಮೇಲಿನ ಮಿತಿ 8. ಅಂಶದಲ್ಲಿ ‘ಹತ್ತು ಕಳೆ ಎಕ್ಸ್’ ಎಂಬುದರ ವರ್ಗಮೂಲ. ಛೇದದಲ್ಲಿ ಎಕ್ಸ್‌ನ ವರ್ಗಮೂಲ ಮತ್ತು ಅದೇ ‘ಹತ್ತು ಕಳೆ ಎಕ್ಸ್’ನ ವರ್ಗಮೂಲಗಳ ಮೊತ್ತ. ಪಿಯುಸಿ ಪದ್ಧತಿಯಲ್ಲಿ ಇದನ್ನು ‘ಐ’ ಎಂದು ಕರೆದು, ಎಕ್ಸ್ ಇರುವಲ್ಲೆಲ್ಲ ಹತ್ತು ಕಳೆ ಎಕ್ಸ್ ಹಾಕಿ ಎರಡನೆಯ ಸಮೀಕರಣ ಬರೆದು, ಎರಡನ್ನೂ ಕೂಡಿಸಿ, ಒಂದರ ಇಂಟಿಗ್ರಲ್ ತೆಗೆದು, ಮಿತಿಗಳನ್ನು ಹಾಕಿ, ಎರಡರಿಂದ ಭಾಗಿಸಿ ಉತ್ತರಕ್ಕೆ ಬರುತ್ತೇವೆ. ನನ್ನ ಕೈಬರಹದಲ್ಲಿ ಅದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು. ಆದರೆ ಲೆಕ್ಕದ ಒಳಗಿರುವ ಸಂಗತಿ ಇಷ್ಟೇ: ಎರಡು ಮಿತಿಗಳ ಮೊತ್ತದಿಂದ ಎಕ್ಸನ್ನು ಕಳೆದು ಆದೇಶಿಸಿದಾಗ, ಹಳೆಯ ಉಕ್ತಿಯೂ ಹೊಸ ಉಕ್ತಿಯೂ ಕೂಡಿ ಒಂದಾಗುತ್ತವೆ. ಹಾಗೆ ಆಗುವಲ್ಲೆಲ್ಲ ಉತ್ತರ ಮಿತಿಗಳ ವ್ಯತ್ಯಾಸದ ಅರ್ಧ. ಎಂಟರಲ್ಲಿ ಎರಡು ಹೋದರೆ ಆರು, ಅದರ ಅರ್ಧ ಮೂರು. ಇದನ್ನು ಗುರುತಿಸಿದವರಿಗೆ ಪೆನ್ನು ಬೇಕಿಲ್ಲ. ಸೊನ್ನೆಯಿಂದ ಪೈ ಬೈ ಎರಡರವರೆಗಿನ ಸೈನ್ ಮತ್ತು ಕಾಸ್ ಘಾತಗಳ ಅದೇ ಆಕಾರದ ಲೆಕ್ಕಗಳಿಗೆಲ್ಲ ಉತ್ತರ ಪೈ ಬೈ ನಾಲ್ಕು ಆಗುವುದೂ, ಅದೇ ಮಿತಿಗಳ ನಡುವೆ ಲಾಗ್ ಟ್ಯಾನ್ ಎಕ್ಸ್‌ನ ಇಂಟಿಗ್ರಲ್ ಸೊನ್ನೆಯಾಗುವುದೂ ಈ ಒಂದೇ ಗುಣದಿಂದ.

ಇದನ್ನು ‘ಶಾರ್ಟ್‌ಕಟ್’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಶಾರ್ಟ್‌ಕಟ್ ಎಂದು ಬಾಯಿಪಾಠ ಮಾಡಿದವರು ಉಕ್ತಿ ಸ್ವಲ್ಪ ಬದಲಾದ ಕೂಡಲೇ ತಪ್ಪುತ್ತಾರೆ. ಎರಡು ಉಕ್ತಿಗಳು ಕೂಡಿ ಒಂದಾಗುತ್ತವೆಯೇ ಎಂದು ಪರೀಕ್ಷಿಸುವುದನ್ನೇ ಮರೆಯುತ್ತಾರೆ. ನಾನು ಪ್ರತಿ ಅಧ್ಯಾಯದಲ್ಲಿಯೂ ಮೊದಲು ಪೂರ್ಣ ವಿಧಾನವನ್ನು ಬರೆದು, ಅದರಲ್ಲಿ ಉತ್ತರವನ್ನು ನಿರ್ಧರಿಸುವ ಹಂತ ಯಾವುದೆಂದು ಗೆರೆ ಎಳೆದು, ಮಿಕ್ಕದ್ದನ್ನು ಮನಸ್ಸಿನಲ್ಲೇ ಮಾಡುವ ಅಭ್ಯಾಸ ಮಾಡಿಕೊಂಡೆ. ಋಣ ಪೈ ಬೈ ಎರಡರಿಂದ ಧನ ಪೈ ಬೈ ಎರಡರವರೆಗೆ ಎಕ್ಸ್ ಕ್ಯೂಬ್, ಎಕ್ಸ್ ಕಾಸ್ ಎಕ್ಸ್, ಟ್ಯಾನ್‌ನ ಐದನೇ ಘಾತ ಮತ್ತು ಒಂದು ಇವುಗಳ ಮೊತ್ತದ ಇಂಟಿಗ್ರಲ್ ಕೇಳಿದರೆ, ಮೊದಲ ಮೂರೂ ಆಡ್ ಫಂಕ್ಷನ್‌ಗಳೆಂದು (ಎಕ್ಸ್‌ನ ಚಿಹ್ನೆ ಬದಲಾದರೆ ಬೆಲೆಯ ಚಿಹ್ನೆಯೂ ಬದಲಾಗುವಂಥವು) ಕಂಡೊಡನೆ ಅವು ಬಿದ್ದುಹೋಗಿ, ಒಂದರ ಇಂಟಿಗ್ರಲ್ ಆದ ಪೈ ಮಾತ್ರ ಉಳಿಯುತ್ತದೆ. ನೋಡುವುದಕ್ಕೆ ಭಯ ಹುಟ್ಟಿಸುವ ಈ ಲೆಕ್ಕ ಪತ್ರಿಕೆಯ ಅತಿ ಸುಲಭದ ಲೆಕ್ಕಗಳಲ್ಲಿ ಒಂದು.

ವೇಗಕ್ಕೆ ಎರಡನೆಯ ಅಡ್ಡಿ ಸಾದಾ ಅಂಕಗಣಿತವಾಗಿತ್ತು. ಕ್ಯಾಲ್ಕ್ಯುಲೇಟರ್ ಇಲ್ಲದ ಪರೀಕ್ಷೆಯಲ್ಲಿ ಭಿನ್ನರಾಶಿ ಕೂಡಿಸುವುದು, ಮೂವತ್ತರವರೆಗಿನ ವರ್ಗಗಳು, ತ್ರಿಕೋನಮಿತಿಯ ಬೆಲೆಗಳು, ಎರಡು ಮತ್ತು ಮೂರರ ಘಾತಗಳು ನಾಲಿಗೆ ತುದಿಯಲ್ಲಿ ಇರಬೇಕು. ಬೆಳಿಗ್ಗೆ ಓದಲು ಕೂರುವ ಮುನ್ನ ಕಾಲು ಗಂಟೆ ಇದನ್ನೇ ಮಾಡುತ್ತಿದ್ದೆ. ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ, ಆದರೆ ಭೌತಶಾಸ್ತ್ರದ ಪತ್ರಿಕೆಯಲ್ಲಿಯೂ ಇದರ ಫಲ ಸಿಕ್ಕಿತು.

ಆಯ್ಕೆಗಳಿಂದ ಹಿಂದಕ್ಕೆ ಹೋಗುವುದು ಇನ್ನೊಂದು ಅಭ್ಯಾಸ. ಶ್ರೇಢಿಯೊಂದರ ‘ಎನ್’ ಪದಗಳ ಮೊತ್ತ ಕೇಳಿ ನಾಲ್ಕು ಸೂತ್ರಗಳನ್ನು ಕೊಟ್ಟಿದ್ದರೆ, ಎನ್ ಬದಲು ಒಂದನ್ನು ಹಾಕಿ ಮೊದಲ ಪದ ಯಾವುದರಲ್ಲಿ ಬರುತ್ತದೆಂದು ನೋಡಬಹುದು. ಎರಡು ಸೂತ್ರಗಳು ಉಳಿದರೆ ಎರಡನ್ನು ಹಾಕಬಹುದು. ಡಿಫರೆನ್ಷಿಯಲ್ ಸಮೀಕರಣದ ಪರಿಹಾರ ಕೇಳಿದಾಗ, ಕೊಟ್ಟಿರುವ ಆಯ್ಕೆಯನ್ನೇ ಡಿಫರೆನ್ಷಿಯೇಟ್ ಮಾಡಿ ಸಮೀಕರಣಕ್ಕೆ ಹೊಂದುತ್ತದೆಯೇ ಎಂದು ನೋಡುವುದು ಎಷ್ಟೋ ಸಲ ಬೇಗ ಆಗುತ್ತದೆ. ಈ ವಿಧಾನದಲ್ಲಿ ಆರಿಸುವ ಬೆಲೆಯ ಬಗ್ಗೆ ಎಚ್ಚರ ಬೇಕು. ಸೊನ್ನೆ ಹಾಕಿದರೆ ಅನೇಕ ಆಯ್ಕೆಗಳು ಒಂದೇ ಆಗಿಬಿಡುತ್ತವೆ.

ತಪ್ಪು ಆಯ್ಕೆಗೆ ಬಿದ್ದ ಏಳು ಪ್ರಶ್ನೆಗಳು ನನಗೆ ಬೇರೆಯೇ ಒಂದು ವಿಷಯ ತಿಳಿಸಿದವು. ಪತ್ರಿಕೆ ತಯಾರಿಸುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ಇಡುವುದಿಲ್ಲ. ಅವಸರದಲ್ಲಿ ಯಾವ ಉತ್ತರ ಬರುವ ಸಂಭವವಿದೆಯೋ ಅದನ್ನೇ ಇಟ್ಟಿರುತ್ತಾರೆ. ಮೂರನೇ ಆರ್ಡರ್ ಮ್ಯಾಟ್ರಿಕ್ಸ್ ಒಂದರ ಡಿಟರ್ಮಿನೆಂಟ್ 5 ಆಗಿದ್ದರೆ, ಮ್ಯಾಟ್ರಿಕ್ಸನ್ನು ಎರಡರಿಂದ ಗುಣಿಸಿದಾಗ ಡಿಟರ್ಮಿನೆಂಟ್ ಎಷ್ಟು ಎಂದು ಕೇಳುತ್ತಾರೆ. ಮೂರೂ ಸಾಲುಗಳಿಂದ ಒಂದೊಂದು ಎರಡು ಹೊರಬರುವುದರಿಂದ ಉತ್ತರ 40. ಆದರೆ 10 ಎಂಬುದೂ ಆಯ್ಕೆಯಲ್ಲಿ ಕಾಯುತ್ತಿರುತ್ತದೆ. ಸೈನ್ ಇನ್ವರ್ಸ್ ಆಫ್ ಸೈನ್ ಎರಡು ಪೈ ಬೈ ಮೂರು ಎಂದು ಕೇಳಿದಾಗ ಎರಡು ಪೈ ಬೈ ಮೂರು ಮೊದಲ ಆಯ್ಕೆಯಾಗಿಯೇ ಇರಬಹುದು. ಪ್ರಧಾನ ಬೆಲೆ ಪೈ ಬೈ ಎರಡನ್ನು ಮೀರುವಂತಿಲ್ಲವಾದ್ದರಿಂದ ಸರಿಯುತ್ತರ ಪೈ ಬೈ ಮೂರು. ಇಂಥ ಪ್ರತಿಯೊಂದಕ್ಕೂ ಒಂದು ನೋಟ್‌ಪುಸ್ತಕದ ಎಡಪುಟದಲ್ಲಿ ಲೆಕ್ಕವನ್ನೂ, ಬಲಪುಟದಲ್ಲಿ ಆ ತಪ್ಪು ಆಯ್ಕೆ ಯಾವ ಆಲೋಚನೆಯಿಂದ ಹುಟ್ಟುತ್ತದೆ ಎಂಬುದನ್ನೂ ಬರೆಯುತ್ತಿದ್ದೆ. ಸರಿಯಾದ ಉತ್ತರ ಏಕೆ ಸರಿ ಎಂಬುದಕ್ಕಿಂತ ಈ ಬಲಪುಟವೇ ನನಗೆ ಹೆಚ್ಚು ಅಂಕ ತಂದಿತು.

ಪ್ರಥಮ ಪಿಯುಸಿ ಭಾಗವನ್ನು ಅನೇಕರು ಕೈಬಿಡುತ್ತಾರೆ. ಪತ್ರಿಕೆಯ ದೊಡ್ಡ ಪಾಲು ದ್ವಿತೀಯ ಪಿಯುಸಿಯದ್ದೇ ಆದರೂ, ಸೆಟ್ಸ್, ಸರಳರೇಖೆ, ದ್ವಿಪದ ಪ್ರಮೇಯ, ಲಿಮಿಟ್ಸ್, ಸ್ಟ್ಯಾಟಿಸ್ಟಿಕ್ಸ್ ಇವುಗಳಿಂದ ಬರುವ ಪ್ರಶ್ನೆಗಳು ಬಹಳ ಸಲ ಒಂದೇ ಹಂತದವು. ನನ್ನ ಪಟ್ಟಿಯ ಎಂಟು ಬಗೆಹರಿಯದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಭಾಗದವೇ ಆಗಿದ್ದವು. ಅವಕ್ಕೆ ಬೇಕಾದದ್ದು ಸಾದಾ ಪುನರಾವರ್ತನೆ.

ಹಿಂದಿನ ವರ್ಷಗಳ ಪತ್ರಿಕೆಗಳನ್ನು ನಾನು ಪೂರ್ಣ ಪತ್ರಿಕೆಯಾಗಿ, ಮುದ್ರಿಸಿದ ಒಎಂಆರ್ ಹಾಳೆಯ ಸಮೇತ, ಮಧ್ಯಾಹ್ನ ಎರಡೂವರೆಗೇ ಬರೆಯುತ್ತಿದ್ದೆ, ಏಕೆಂದರೆ ಆಗ ಗಣಿತ ಪರೀಕ್ಷೆ ನಡೆಯುತ್ತಿದ್ದದ್ದು ಆ ಹೊತ್ತಿಗೆ. ಏಪ್ರಿಲ್ ಬಿಸಿಲಿನಲ್ಲಿ ಊಟವಾದ ಮೇಲೆ ತಲೆ ಓಡುವ ರೀತಿಯೇ ಬೇರೆ. ಅದಕ್ಕೂ ಅಭ್ಯಾಸ ಬೇಕು. ಈಗ ಬರೆಯುವವರು ಹಳೆಯ ಪತ್ರಿಕೆಗಳನ್ನು ಹಿಡಿಯುವ ಮುನ್ನ ತಾವು ಬರೆಯುವ ವರ್ಷದ ಪಠ್ಯಕ್ರಮವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಪಠ್ಯದಿಂದ ಕೆಲವು ಭಾಗಗಳನ್ನು ಕೈಬಿಡಲಾಗಿದೆ. 2024ರ ಸಿಇಟಿಯಲ್ಲಿ ಅಂಥ ಭಾಗಗಳ ಪ್ರಶ್ನೆಗಳು ಬಂದು, ಕೊನೆಗೆ ಅವುಗಳನ್ನು ಮೌಲ್ಯಮಾಪನದಿಂದ ತೆಗೆಯಬೇಕಾಯಿತು.

ಪರೀಕ್ಷೆಯ ದಿನ ನಾನು ಪತ್ರಿಕೆಯನ್ನು ಮೂರು ಸುತ್ತಿನಲ್ಲಿ ಬರೆದೆ. ಮೊದಲ ಸುತ್ತಿನಲ್ಲಿ ಓದುತ್ತಿದ್ದಂತೆ ದಾರಿ ಹೊಳೆದ ಲೆಕ್ಕಗಳನ್ನು ಮಾತ್ರ ಮಾಡಿ, ದಾರಿ ಗೊತ್ತಿದ್ದು ಉದ್ದವೆನಿಸಿದವುಗಳ ಸಂಖ್ಯೆಗೆ ಪುಸ್ತಿಕೆಯಲ್ಲಿ ಒಂದು ಸುತ್ತು, ದಾರಿಯೇ ಕಾಣದವುಗಳಿಗೆ ಒಂದು ಅಡ್ಡಗೆರೆ ಹಾಕುತ್ತಾ ಹೋದೆ. ಎರಡನೆಯ ಸುತ್ತು ಆ ಉದ್ದದ ಲೆಕ್ಕಗಳಿಗೆ. ಒಎಂಆರ್ ಹಾಳೆಯಲ್ಲಿ ಪ್ರತಿ ಪುಟ ಮುಗಿದ ಕೂಡಲೇ ವೃತ್ತ ತುಂಬುತ್ತಿದ್ದೆ. ಎಲ್ಲವನ್ನೂ ಕೊನೆಗೆ ಉಳಿಸಿಕೊಂಡರೆ ಒಂದು ಸಾಲು ಜಾರಿ ಹತ್ತು ಉತ್ತರ ಕೆಡುವ ಅಪಾಯವಿದೆ, ಬಾಲ್‌ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸಲೂ ಆಗದು. ಕೊನೆಯ ಐದು ನಿಮಿಷ ಅಡ್ಡಗೆರೆಯ ಪ್ರಶ್ನೆಗಳಿಗೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಖಾಲಿ ಬಿಟ್ಟ ಪ್ರತಿ ವೃತ್ತವೂ ನಷ್ಟವೇ. ಕಣ್ಣುಮುಚ್ಚಿ ತುಂಬಿದರೆ ಎಂಟರಲ್ಲಿ ಸರಾಸರಿ ಎರಡು ಸರಿಯಾಗಬಹುದು. ಪ್ರತಿಯೊಂದರಲ್ಲೂ ಎರಡು ಅಸಾಧ್ಯ ಆಯ್ಕೆಗಳನ್ನು ಹೊಡೆದುಹಾಕಿ ತುಂಬಿದರೆ ನಾಲ್ಕು. ಋಣಾತ್ಮಕ ಅಂಕವಿರುವ ಜೆಇಇ ಮೇನ್‌ಗೆ ಈ ಮಾತು ಅನ್ವಯಿಸುವುದಿಲ್ಲ.

ಆ ಸಲ ತಪ್ಪಿದ ಹದಿನೇಳು ಪ್ರಶ್ನೆಗಳನ್ನೂ ನಾನು ಹಾಗೆಯೇ ವಿಂಗಡಿಸಿ ನೋಡಿದ್ದೇನೆ. ತಪ್ಪು ಆಯ್ಕೆಗೆ ಬಿದ್ದವು ಎರಡೇ. ಸಮಯ ಸಾಲದೆ ಹೋದವು ಆರು. ಅವುಗಳಲ್ಲಿ ಹೆಚ್ಚಿನವು ಸಂಭವನೀಯತೆಯವು, ಓದಿ ಅರ್ಥಮಾಡಿಕೊಳ್ಳುವುದಕ್ಕೇ ಅರ್ಧ ನಿಮಿಷ ಬೇಡುವಂಥವು. ಉಳಿದ ಒಂಬತ್ತು ಲೆಕ್ಕಗಳು ನಿಜಕ್ಕೂ ನನ್ನ ಅಳವಿಗೆ ಮೀರಿದವು. ಇನ್ನೊಂದು ವರ್ಷವಿದ್ದಿದ್ದರೆ ಆಗ ಪಠ್ಯಪುಸ್ತಕವನ್ನು ಮೊದಲಿನಿಂದ ಓದಲು ಕೂರುವುದಕ್ಕೆ ಅರ್ಥವಿರುತ್ತಿತ್ತು.