ಸ್ಟ್ರೈಕ್ ‘ಮಾಡಬೇಡಿ’, ‘ಗೋ ಆನ್ ಸ್ಟ್ರೈಕ್’ ಅನ್ನಿ

ನಾವು ಸ್ಟ್ರೈಕ್ ‘ಮಾಡುತ್ತೇವೆ’. ಬಸ್ಸಿನವರು ಮಾಡಿದರು, ಲಾರಿಯವರು ಮಾಡಿದರು. ಇದೇ ರೂಢಿಯಲ್ಲಿ ಇಂಗ್ಲಿಷಿಗೂ ಹೋದರೆ ‘ದೇ ಡಿಡ್ ಎ ಸ್ಟ್ರೈಕ್’ ಅಂತ ಬಾಯಿಗೆ ಬರುತ್ತದೆ. ಕೇಳಿದವರಿಗೆ ಅರ್ಥವಾಗುತ್ತದೆ, ಆದರೆ ಇಂಗ್ಲಿಷಿನವರು ಹಾಗೆ ಹೇಳುವುದಿಲ್ಲ.

ಮೊದಲು ಎರಡು ರೂಪ ಕಲಿಯಿರಿ. ಶುರು ಮಾಡುವುದಕ್ಕೆ ‘ಗೋ ಆನ್ ಸ್ಟ್ರೈಕ್’, ನಡೆಯುತ್ತಿರುವುದಕ್ಕೆ ‘ಬೀ ಆನ್ ಸ್ಟ್ರೈಕ್’. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದ ರೈಲ್ವೆ ಮುಷ್ಕರವನ್ನೇ ತೆಗೆದುಕೊಳ್ಳಿ. 1974ರ ಮೇ 8ರಂದು ಕೆಲಸಗಾರರು ‘ವೆಂಟ್ ಆನ್ ಸ್ಟ್ರೈಕ್’. ಮೇ 27ರಂದು ಮುಷ್ಕರ ನಿಲ್ಲುವವರೆಗೆ ಅವರು ‘ವರ್ ಆನ್ ಸ್ಟ್ರೈಕ್’. ‘ಆನ್’ ಮತ್ತು ‘ಸ್ಟ್ರೈಕ್’ ನಡುವೆ ‘ದ’ ತುರುಕಬೇಡಿ. ನಮ್ಮವರು ಜಾಸ್ತಿ ಎಡವುವುದು ಇಲ್ಲೇ.

ಆಮೇಲೆ ಕಾರಣ ಸೇರಿಸಿ. ಬೇಕಾದದ್ದನ್ನು ಹೇಳುವಾಗ ‘ಫಾರ್’, ಜಗಳ ಯಾವುದರ ಬಗ್ಗೆ ಅನ್ನುವಾಗ ‘ಓವರ್’. ರೈಲ್ವೆಯವರ ಬೇಡಿಕೆಗಳಲ್ಲಿ ಬೋನಸ್ ಕೂಡ ಇತ್ತು, ಅದಕ್ಕೆ ‘ಫಾರ್ ಎ ಬೋನಸ್’. 2023ರಲ್ಲಿ ಹಾಲಿವುಡ್ ಬರಹಗಾರರು ಸಂಬಳ ಮತ್ತು ಎಐ ಬಳಕೆಯ ತಕರಾರಿಗೆ ಮುಷ್ಕರ ಹೂಡಿದರು, ಅದು ‘ಓವರ್ ಪೇ ಅಂಡ್ ಎಐ’.

ಯೂನಿಯನ್ ತೀರ್ಮಾನ ಹೇಳಬೇಕೇ? ಕರೆ ಕೊಟ್ಟರೆ ‘ಕಾಲ್ಡ್ ಎ ಸ್ಟ್ರೈಕ್’, ಕೈಬಿಟ್ಟರೆ ‘ಕಾಲ್ಡ್ ಆಫ್ ದ ಸ್ಟ್ರೈಕ್’. ಇಲ್ಲಿ ‘ದ’ ಬರುತ್ತದೆ, ಯಾಕೆಂದರೆ ಯಾವ ಮುಷ್ಕರ ಅಂತ ಆಗಲೇ ಗೊತ್ತು.

ಹೊಡೆಯುವುದು ಅನ್ನೋ ಅರ್ಥದ ಪದ ಇಲ್ಲಿಗೆ ಹೇಗೆ ಬಂತು? ಹಡಗಿನವರ ಮಾತಿನಲ್ಲಿ ‘ಸ್ಟ್ರೈಕ್’ ಅಂದರೆ ಹಾಯಿ ಇಳಿಸುವುದು. 1768ರಲ್ಲಿ ಲಂಡನ್ನಿನ ನಾವಿಕರು ಕೂಲಿಗಾಗಿ ಹಾಯಿ ಇಳಿಸಿ ಹಡಗುಗಳನ್ನು ನಿಲ್ಲಿಸಿದರು. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಮುಷ್ಕರ ಹೂಡುವುದಕ್ಕೆ ‘ಸ್ಟ್ರೈಕ್ ವರ್ಕ್’ ಅಂತಲೂ ಕಾಣುತ್ತದೆ. ಹೊರದೇಶದವರಿಗೆ ಬರೆಯುವಾಗ ‘ಗೋ ಆನ್ ಸ್ಟ್ರೈಕ್’ ಅಂತಲೇ ಬರೆಯಿರಿ.

ಇನ್ನೊಂದು ವಿಷಯ. ಸ್ಟ್ರೈಕ್ ಅಂದರೆ ಹಲವರು ಸೇರಿ ಮಾಡುವಂಥದ್ದು. ಭಾನುವಾರ ಬನ್ನಿ ಅಂತ ಮ್ಯಾನೇಜರ್ ಕರೆದು, ನಿಮಗೊಬ್ಬರಿಗೇ ಆಗದಿದ್ದರೆ ‘ಐ ಆಮ್ ಅಫ್ರೇಡ್ ಐ ಕಾಂಟ್ ವರ್ಕ್ ದಿಸ್ ಸಂಡೇ’ ಸಾಕು. ‘ಐ ಆಮ್ ಆನ್ ಸ್ಟ್ರೈಕ್’ ಅನ್ನೋ ತಮಾಷೆ ಮನೆಯಲ್ಲಿ ನಡೆಯುತ್ತದೆ. ದಿನಾ ಅಡುಗೆ ಮಾಡಿ ಸಾಕಾದ ಅಮ್ಮ ಹೇಳಿದರೆ ಎಲ್ಲರೂ ನಗಬಹುದು, ಹೋಟೆಲಿನಿಂದ ದೋಸೆಯೂ ಬರಬಹುದು. ಆಫೀಸಿನ ಮೇಲ್‌ನಲ್ಲಿ ಮಾತ್ರ ಬೇಡ.

ಬಂದ್ ಬೇರೆ. ಅಂಗಡಿ, ಬಸ್ಸು, ಶಾಲೆ ಎಲ್ಲ ಮುಚ್ಚಿದರೆ ಅದು ಸ್ಟ್ರೈಕ್ ಅಲ್ಲ. ನಮ್ಮ ಇಂಗ್ಲಿಷ್ ಪತ್ರಿಕೆಗಳೂ ಅದನ್ನು ‘ಬಂದ್’ ಅಂತಲೇ ಬರೆಯುತ್ತವೆ. ‘ಲಾಕ್‌ಔಟ್’ ಅಂತ ಕಂಡರೆ, ಬೀಗ ಹಾಕಿದವರು ಮಾಲೀಕರು.